ತುರುಪಿನ ಬಲವನ್ನು ನಿಧಾನವಾಗಿ ಹೇಳುವ ರೀತಿ

ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ನಮ್ಮ ಕಾಸರಗೋಡಿನ ಊರುಗಳಲ್ಲಿ ಎಲೆಯಾಟವೆಂದರೆ ಮೊದಲು ಇಪ್ಪತ್ತೆಂಟು. ಮಲಯಾಳ ಮಾತನಾಡುವ ನೆರೆಯವರೊಡನೆ ಒಂದೇ ಜಗಲಿಯಲ್ಲಿ ಕುಳಿತು ಅದನ್ನು ಆಡುತ್ತ ಬೆಳೆದ ಕನ್ನಡಿಗರು ನಾವು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1 ಅಂಕವಿರುವ ಆ ಆಟದಲ್ಲಿ ಕೈ ಬಲವಾಗಿದ್ದಷ್ಟೂ ಕರೆ ಮೇಲೇರುತ್ತದೆ. ಗೆದ್ದವರು ತುರುಪಿನ ಎಲೆಯನ್ನು ಮಗುಚಿ ಇಡುತ್ತಾರೆ. ಬಲವಿದ್ದಷ್ಟೂ ಮೇಲೆ ಕರೆಯುವ ಈ ಅಭ್ಯಾಸವೇ ನಮ್ಮವರ ಬ್ರಿಜ್ ಆಟದೊಳಕ್ಕೂ ಬಂದುಬಿಟ್ಟಿದೆ. ಬೆಂಗಳೂರಿನಲ್ಲಿ ಬ್ರಿಜ್ಜಿನಿಂದಲೇ ಎಲೆಯಾಟ ಆರಂಭಿಸಿದ ಗೆಳೆಯರಲ್ಲಿ ನಾನು ಅದನ್ನು ಕಂಡಿಲ್ಲ.

ಬ್ರಿಜ್ಜಿನ ಕರೆಯಾದ ಬಿಡ್ಡಿನಲ್ಲಿ ತುರುಪು ಯಾವುದೆಂಬುದನ್ನೂ, ಆರಕ್ಕಿಂತ ಎಷ್ಟು ಟ್ರಿಕ್ (ಸುತ್ತು) ಹೆಚ್ಚು ಗೆಲ್ಲುವೆವೆಂಬುದನ್ನೂ ಹೇಳುತ್ತಾರೆ; ಇಲ್ಲಿ ಅಂಕ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಜೊತೆಗಾರರು ಒಂದು ಸ್ಪೇಡ್ ಎಂದೊಡನೆ, ಕೈಯಲ್ಲಿ ನಾಲ್ಕು ಸ್ಪೇಡ್ ಮತ್ತು 13 ಅಂಕವಿದ್ದರೆ ನಮ್ಮವರು ನೇರವಾಗಿ ನಾಲ್ಕು ಸ್ಪೇಡಿಗೆ ಹಾರುತ್ತಾರೆ. ಬ್ರಿಜ್ಜಿನಲ್ಲಿ ಆ ನೆಗೆತದ ಅರ್ಥ ತದ್ವಿರುದ್ಧ. ಅಂಕ ಕಡಿಮೆ, ತುರುಪು ಐದು, ಎದುರಾಳಿಗಳಿಗೆ ಮಾತನಾಡಲು ಎಡೆ ಕೊಡಬಾರದು ಎನ್ನುವ ಕೈಗೆ ಮೀಸಲಾದ ಬಿಡ್ ಅದು. ಆರಂಭಿಸಿದವರ ಐದಕ್ಕೆ ಈ ಐದು ಸೇರಿ ಹತ್ತು ತುರುಪಾದರೆ ಹತ್ತು ಟ್ರಿಕ್ಕಿನ ಮಟ್ಟಕ್ಕೆ ಏರಬಹುದೆಂಬ ಲೆಕ್ಕಾಚಾರ ಫ್ರಾನ್ಸಿನ ಜಾನ್-ರೆನೆ ವರ್ನ್ ಅವರು ರೂಪಿಸಿದ ನಿಯಮದಿಂದ ಬಂದದ್ದು. ನಿಜವಾಗಿ ಬಲವಿರುವ ಕೈ ನಿಧಾನವಾಗಿ ನಡೆಯಬೇಕು.

ಹಾಗೆ ನಡೆಯಲು ಇರುವ ದಾರಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸ್ಪ್ಲಿಂಟರ್. ಒಂದು ಸ್ಪೇಡಿಗೆ ಉತ್ತರವಾಗಿ ನಾಲ್ಕು ಕ್ಲಾವರ್ ಎಂದರೆ, ನನ್ನಲ್ಲಿ ನಾಲ್ಕು ತುರುಪಿದೆ, ಗೇಮಿಗೆ, ಅಂದರೆ ಇಲ್ಲಿ ಹತ್ತು ಟ್ರಿಕ್ಕಿಗೆ, ಬೇಕಾದ ಬಲವಿದೆ, ಕ್ಲಾವರಿನಲ್ಲಿ ಹೆಚ್ಚೆಂದರೆ ಒಂಟಿ ಎಲೆ ಎಂದು ಒಂದೇ ಉಸಿರಿಗೆ ಹೇಳಿದಂತಾಯಿತು. ಉತ್ತರಿಸಿದವರ ಕೈಯಲ್ಲಿ ಸ್ಪೇಡಿನ ರಾಜ, ಗುಲಾಮ, 8, 2. ಆಟಿನ್ ಎಕ್ಕ, ರಾಣಿ, 9, 5. ಡೈಮಂಡ್ ರಾಜ, 9, 4, 2. ಕ್ಲಾವರ್ 6 ಮಾತ್ರ ಇದೆ ಎನ್ನೋಣ. ಬಿಡ್ ಆರಂಭಿಸಿದವರಲ್ಲಿ ಸ್ಪೇಡ್ ಎಕ್ಕ, ರಾಣಿ, 9, 7, 5; ಆಟಿನ್ ರಾಜ, 6; ಡೈಮಂಡ್ ಎಕ್ಕ, 8, 3; ಕ್ಲಾವರ್ 7, 4, 2 ಇದ್ದರೆ ಇಬ್ಬರದೂ ಸೇರಿ ಬರೀ 26 ಅಂಕ. ಆದರೂ ಒಂದು ಕ್ಲಾವರ್ ಬಿಟ್ಟುಕೊಟ್ಟು, ಉಳಿದೆರಡನ್ನು ತುರುಪಿನಿಂದ ಕಡಿದು, ಮೂರನೆಯ ಡೈಮಂಡನ್ನು ಆಟಿನ್ ರಾಣಿಯ ಮೇಲೆ ಎಸೆದರೆ ಹನ್ನೆರಡು ಟ್ರಿಕ್ ಕೈಸೇರುತ್ತವೆ. ಈಗ ಆರಂಭಿಸಿದವರ ಡೈಮಂಡ್ ಎಕ್ಕವನ್ನು ತೆಗೆದು ಅಲ್ಲಿ 6 ಇಡಿ, ಕ್ಲಾವರಿಗೆ ರಾಜ, ರಾಣಿ, 2 ಕೊಡಿ. ಅಂಕವೊಂದು ಹೆಚ್ಚಿತು, ಹನ್ನೆರಡು ಟ್ರಿಕ್ಕಿನ ಸ್ಲ್ಯಾಮ್ ಮಾತ್ರ ಕೈತಪ್ಪಿತು, ಏಕೆಂದರೆ ಎರಡು ಎಕ್ಕಗಳು ಎದುರಾಳಿಗಳ ಬಳಿ ಇವೆ, ಕ್ಲಾವರಿನ ರಾಜ, ರಾಣಿಯರು ಒಂಟಿ ಎಲೆಯ ಎದುರು ಬಹುಮಟ್ಟಿಗೆ ವ್ಯರ್ಥ. ಸ್ಪ್ಲಿಂಟರ್ ಕೇಳಿದವರು ಈ ವ್ಯತ್ಯಾಸವನ್ನು ಆಗಲೇ ಅರಿಯುತ್ತಾರೆ. ನಾಲ್ಕಕ್ಕೆ ಹಾರಿದವರ ಜೊತೆಗಾರರಿಗೆ ಅದು ತಿಳಿಯುವುದೇ ಇಲ್ಲ. ಬ್ಲ್ಯಾಕ್‌ವುಡ್ ಎಂಬ ಬಿಡ್ಡಿನಿಂದ ಮೊದಲೇ ಜೊತೆಗಾರರ ಎಕ್ಕಗಳನ್ನು ಎಣಿಸಲು ಹೊರಡುವುದನ್ನೂ ಇದೇ ಕಾರಣಕ್ಕೆ ನಾನು ಒಪ್ಪುವುದಿಲ್ಲ.

ಒಂಟಿ ಎಲೆ ಇಲ್ಲದ ಬಲವಾದ ಕೈಗೆ, ಒಂದು ಸ್ಪೇಡಿಗೆ ಉತ್ತರವಾಗಿ, ಅಮೆರಿಕದ ಆಟಗಾರ ಆಸ್ವಾಲ್ಡ್ ಜಾಕೋಬಿಯವರ ಹೆಸರಿನ ಎರಡು ನೋ ಟ್ರಂಪ್ (ಮಾತಿನ ಅರ್ಥ ‘ತುರುಪಿಲ್ಲ’) ಎಂಬ ಬಿಡ್ ಇದೆ. ಅಲ್ಲಿ ಆರಂಭಿಸಿದವರೇ ತಮ್ಮ ಒಂಟಿ ಎಲೆಯನ್ನು ಮೂರರ ಮಟ್ಟದಲ್ಲಿ ತೋರಿಸುತ್ತಾರೆ, ಕೈ ತೀರ ಸಾಧಾರಣವಾಗಿದ್ದರೆ ನಾಲ್ಕು ಸ್ಪೇಡ್ ಎಂದು ಮುಗಿಸುತ್ತಾರೆ.

ಇವುಗಳನ್ನು ಗುಟ್ಟಿನ ಸಂಕೇತವೆಂದು ನಮ್ಮ ಹಿರಿಯ ಆಟಗಾರರು ಶಂಕಿಸುವುದುಂಟು. ಮಗುಚಿಟ್ಟ ತುರುಪಿನೊಡನೆ ಆಡಿ ಬಂದವರಿಗೆ ಆ ಶಂಕೆ ಸಹಜ, ಆದರೆ ಬ್ರಿಜ್ಜಿನ ನಿಯಮದಂತೆ ಜೊತೆಗಾರರ ಒಪ್ಪಂದ ಏನೇ ಇರಲಿ, ಎದುರಾಳಿಗಳು ಕೇಳಿದಾಗ ಅದನ್ನು ಪೂರ್ತಿಯಾಗಿ ವಿವರಿಸಲೇಬೇಕು.

ಮೂರೇ ತುರುಪಿರುವ ಕೈಯಿಂದ ಮಾತ್ರ ಈ ಎರಡು ಬಿಡ್‌ಗಳನ್ನೂ ಮಾಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಎದುರಾಳಿ ಮೊದಲಿಗೇ ತುರುಪು ಆಡಿ, ಕ್ಲಾವರ್ ಗೆದ್ದಾಗ ಮತ್ತೊಮ್ಮೆ ತುರುಪನ್ನೇ ಆಡಿದರೆ, ನಾಲ್ಕಿದ್ದ ಕಡೆ ಕಡಿಯಲು ಎರಡು ಉಳಿದಿರುತ್ತವೆ, ಮೂರಿದ್ದ ಕಡೆ ಒಂದೇ.