ಅಳತೆಗೆ ಸರಿಯಾಗಿ ಮುಳುಗಿರಪ್ಪಾ!

ಭದ್ರಾ ತುಂಬಿತು, ತುಂಗಾದ ಗೇಟು ತೆರೆದರು ಅಂದರೆ ಸಾಕು, ಹರಿಹರ-ಹೊನ್ನಾಳಿ ಕಡೆಯ ಹೊಳೆಸಾಲಿನವರು ಮೊದಲು ಪಂಪ್‌ಸೆಟ್ ಬಿಚ್ಚಿ ಮೇಲೆ ತರುತ್ತಾರೆ, ಆಮೇಲೆ ದನ, ಆಮೇಲೆ ಅಜ್ಜಿ. ನಮ್ಮ ದೊಡ್ಡಪ್ಪ ಈ ಸಾಲಿಗೆ ಇನ್ನೊಂದು ಸೇರಿಸಿದ್ದಾರೆ: ಅಳತೆ ಟೇಪು.

ಕಾರಣವಿದೆ. ನೆರೆ ಇಳಿದ ಮೇಲೆ ಬೆಳೆ ಪರಿಹಾರಕ್ಕೆಂದು ಗದ್ದೆ ನೋಡಲು ಬಂದ ಸಾಹೇಬರು ಬದುವಿನ ಮೇಲೇ ನಿಂತು ಕೇಳಿದ್ದರು, "ಎಷ್ಟು ಪರ್ಸೆಂಟ್ ಹೋಗೈತಿ ಯಜಮಾನ್ರೇ?"

"ಎಲ್ಲಾ ಹೋಗೈತಲ್ರೀ, ಕಾಣ್ಸಲ್ವಾ?"

"ಆ ಮೂಲೇಲಿ ಒಂದಿಷ್ಟು ಪೈರು ನಿಂತೈತಲ್ಲ. ಶೇಕಡಾ 33 ಆದ್ರೂ ಹೋಗಿರಬೇಕು, ಇಲ್ಲಾಂದ್ರೆ ನಂಗೆ ಬರಿಯಾಕೆ ಬರಲ್ಲ."

2015ಕ್ಕೆ ಮುಂಚೆ ಈ ಗೆರೆ 50ಕ್ಕಿತ್ತು. ಅರ್ಧ ಬೆಳೆ ಕೊಚ್ಚಿಹೋಗುವ ತನಕ ಸರ್ಕಾರಕ್ಕೆ ಅಳು ಬರುತ್ತಿರಲಿಲ್ಲ. ಈಗ ಮೂರನೇ ಒಂದು ಭಾಗಕ್ಕೇ ಬರುತ್ತದೆ. 32 ಹೋದವನು ಮಾತ್ರ ಹೊಳೆಯನ್ನು ಇನ್ನೊಂದು ಸಲ ಕರೆಯಬೇಕು.

ಗೆರೆ ದಾಟಿದರೆ ಕೈಗೆ ಬರುವುದನ್ನು ನಾವೆಲ್ಲ ಪರಿಹಾರ ಅನ್ನುತ್ತೇವೆ. ಕಾಗದದಲ್ಲಿ ಅದರ ಹೆಸರು ಇನ್‌ಪುಟ್ ಸಬ್ಸಿಡಿ. ಹೋದ ಬೆಳೆಯ ಬೆಲೆಯಲ್ಲ, ಮತ್ತೆ ಬಿತ್ತಲಿಕ್ಕೆ ಒಂದು ಆಸರೆ. ವಿಪತ್ತು ಪರಿಹಾರ ನಿಧಿಯ 2022ರ ಪಟ್ಟಿಯಲ್ಲಿ ಹೆಕ್ಟೇರಿಗೆ ಖುಷ್ಕಿಯಾದರೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಯ ತೋಟಕ್ಕೆ 22,500 ರೂಪಾಯಿ. ರಾಜ್ಯ ಸರ್ಕಾರ ಒಮ್ಮೊಮ್ಮೆ ಮೇಲೊಂದಿಷ್ಟು ಸೇರಿಸಿದ್ದೂ ಉಂಟು, ಇಲ್ಲ ಅಂದರೆ ಪಾಪ ಬರುತ್ತದೆ. ಆದರೆ ನಮ್ಮ ಕಡೆ ಹೆಕ್ಟೇರು ಅಂದರೆ ಯಾರಿಗೆ ಗೊತ್ತು? ಗುಂಟೆಗೆ ಇಳಿಸಿ ನೋಡಿದೆ. ಭತ್ತದ ಗದ್ದೆಗೆ ಗುಂಟೆಗೆ 172 ರೂಪಾಯಿ. ದಾವಣಗೆರೆಗೆ ಹೋಗಿ ಮೂವರು ಬೆಣ್ಣೆದೋಸೆ ತಿಂದೆದ್ದರೆ ಒಂದು ಗುಂಟೆ ಮುಗಿಯಿತು.

ಅದೂ ಎರಡು ಹೆಕ್ಟೇರಿನ ತನಕ, ಅಂದರೆ ನಾಲ್ಕು ಎಕರೆ 37 ಗುಂಟೆ ಚಿಲ್ಲರೆ. ದೊಡ್ಡಪ್ಪನದು ಐದು ಎಕರೆ. ಉಳಿದ ಎರಡು ಗುಂಟೆ ಚಿಲ್ಲರೆಯನ್ನು ಹೊಳೆ ತನ್ನ ಸ್ವಂತ ಖರ್ಚಿನಲ್ಲಿ ಮುಳುಗಿಸಿತು ಅಂತ ತಿಳಿಯಬೇಕು.

ಟೇಪು ಬಂದದ್ದು ಹೂಳಿನ ದೆಸೆಯಿಂದ. ಗದ್ದೆಯಲ್ಲಿ ಕೂತ ಮರಳು, ಹೂಳು ಮೂರು ಇಂಚಿಗಿಂತ ದಪ್ಪ ಇದ್ದರೆ ಮಾತ್ರ ತೆಗೆಸಲು ದುಡ್ಡು. ನೀರು ಇಳಿದ ದಿನ ಮೊಣಕಾಲು ಹುಗಿಯುತ್ತಿತ್ತು. ಜಂಟಿ ಸಮೀಕ್ಷೆಯವರು ಬರುವ ಹೊತ್ತಿಗೆ ಬಿಸಿಲು ಹೊಡೆದು, ಕೆಸರು ಒಣಗಿ, ಬಿರುಕು ಬಿಟ್ಟು ಹಪ್ಪಳವಾಗಿತ್ತು. "ಎರಡೂಮುಕ್ಕಾಲು ಐತಲ್ರೀ" ಅಂದರು. "ಆ ಬಿರುಕಿನೊಳಗೆ ಟೇಪು ಇಳಿಸ್ರೀ, ಅಲ್ಲಿ ಆರು ಬರ್ತೈತಿ" ಅಂತ ದೊಡ್ಡಪ್ಪ. ಅದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಇಷ್ಟಾದರೂ ದೊಡ್ಡಪ್ಪ ಪುಣ್ಯವಂತರು, ಪಹಣಿ ಅವರ ಹೆಸರಲ್ಲಿದೆ. ಪಕ್ಕದ ಗದ್ದೆಯವನು ಲಾವಣಿಗೆ, ಅಂದರೆ ಗುತ್ತಿಗೆಗೆ, ಮಾಡುವವನು. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು, ಸೊಂಟ ನೋವೂ ಅವನದೇ. ಪಹಣಿ ಮಾತ್ರ ಊರು ಬಿಟ್ಟು ಎಷ್ಟೋ ವರ್ಷವಾದ ಧಣಿಯದು. ಪರಿಹಾರ ತಂತ್ರಾಂಶ ಪಹಣಿಯನ್ನೂ ಫ್ರೂಟ್ಸ್ ಐಡಿ ಅನ್ನುವ ರೈತರ ನೋಂದಣಿ ಸಂಖ್ಯೆಯನ್ನೂ ಆಧಾರನ್ನೂ ಗುರುತಿಸುತ್ತದೆ, ಕೆಸರು ಮೆತ್ತಿದ ಕಾಲನ್ನು ಗುರುತಿಸುವುದಿಲ್ಲ. ದುಡ್ಡು ಜಮೆಯಾದ ಮೆಸೇಜು ಬಂದಾಗ ಧಣಿ ಅಪಾರ್ಟ್‌ಮೆಂಟಿನಲ್ಲಿ ಕಾಫಿ ಕುಡಿಯುತ್ತಿದ್ದರಂತೆ. ಒಳ್ಳೆಯವರು, ಫೋನ್ ಮಾಡಿ ವಿಚಾರಿಸಿದರು: "ಹೊಳೆ ಬಂದಿತ್ತೇನೋ?"

ಅದೇ 2022ರ ಪಟ್ಟಿಯಲ್ಲಿ ದನಕರುಗಳಿಗೂ ಅಳತೆಯಿದೆ. ಹಾಲು ಕೊಡುವ ಎಮ್ಮೆ ಕೊಚ್ಚಿಹೋದರೆ 37,500, ಮನೆಯೊಂದಕ್ಕೆ ಮೂರರ ತನಕ. ಕೋಳಿ ತಲೆಗೆ 100. ಆ ದುಡ್ಡಿಗೆ ನಾಟಿ ಕೋಳಿಯ ಕಾಲೂ ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಹಾಗಾಗಿ ಈ ಸಲ ಮುಂಗಾರು ಹಿಡಿಯುವ ಮೊದಲೇ ದೊಡ್ಡಪ್ಪ ನಾಲ್ಕನೇ ಎಮ್ಮೆಯನ್ನು ಜಗಳೂರಿನ ಮಗಳ ಮನೆಗೆ ಹೊಡೆಸಿದ್ದಾರೆ. ಅಲ್ಲಿ ಕುಡಿಯಲಿಕ್ಕೇ ನೀರಿನ ತಾಪತ್ರಯ. ಉಳಿದ ಮೂರು ಹೊಳೆದಂಡೆಯ ಕೊಟ್ಟಿಗೆಯಲ್ಲಿ, ನಿಯಮದೊಳಗೆ, ಮೆಲುಕು ಹಾಕುತ್ತಿವೆ.