ಪ್ಲಾನ್ ಬರುವ ಮುಂಚೆ ಜನಕ್ಕೆ ಹೇಳಿ

ನಾನು ಕೆಂಗೇರಿ ಕಡೆಯವನು. ಈಗಿರುವುದು ಅಮೆರಿಕದ ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿ ಹತ್ತಿರ. ಎರಡೂ ಕಡೆ ಜನ ಬಂದು ಸೇರುತ್ತಲೇ ಇದ್ದಾರೆ. ಆದರೆ ಅವರಿಗಾಗಿ ಊರು ಹೇಗೆ ಬೆಳೆಯಬೇಕು ಅನ್ನುವ ಪ್ಲಾನನ್ನು ಊರಿನವರಿಗೆ ಹೇಳುವ ರೀತಿ ಮಾತ್ರ ಬೇರೆ ಬೇರೆ.

ಇಲ್ಲಿ 1997ರಲ್ಲಿ ಎನ್‌ವಿಷನ್ ಯೂಟಾ ಅಂತ ಒಂದು ಸಂಸ್ಥೆ ಶುರುವಾಯಿತು. 2020ರ ಹೊತ್ತಿಗೆ ಇನ್ನೂ ಸುಮಾರು ಹತ್ತು ಲಕ್ಷ ಜನ ಜಾಸ್ತಿಯಾಗುತ್ತಾರೆ, ಅವರೆಲ್ಲ ಎಲ್ಲಿರಬೇಕು ಅನ್ನುವುದು ಪ್ರಶ್ನೆ. ಅವರು ಒಂದೇ ಪ್ಲಾನ್ ತಂದು ಒಪ್ಪಿಕೊಳ್ಳಿ ಅನ್ನಲಿಲ್ಲ. ಎ, ಬಿ, ಸಿ, ಡಿ ಅಂತ ನಾಲ್ಕು ದಾರಿ ತೋರಿಸಿದರು. ಎ ಅಂದರೆ ದೊಡ್ಡ ದೊಡ್ಡ ಸೈಟು, ಎಲ್ಲದಕ್ಕೂ ಕಾರು. ಡಿ ಅಂದರೆ ಒತ್ತೊತ್ತಾಗಿ ಮನೆ, ಕಮ್ಮಿ ಜಾಗ, ಓಡಾಡೋಕೆ ರೈಲು. ಬಿ, ಸಿ ಇವೆರಡರ ನಡುವಿನವು. 1999ರ ಶುರುವಿನಲ್ಲಿ ಇದನ್ನೇ ಪ್ರಶ್ನೆಗಳ ಹಾಳೆ ಮಾಡಿ ಪೇಪರ್ ಒಳಗೆ ಇಟ್ಟು ಮನೆಮನೆಗೆ ಕಳಿಸಿದರು, ಟಿವಿ, ರೇಡಿಯೊದಲ್ಲೂ ಜಾಹೀರಾತು ಹಾಕಿದರು. 17,000ದಷ್ಟು ಉತ್ತರ ಬಂದವು. ಹೆಚ್ಚಿನವರು ಕೇಳಿದ್ದು ಸಿ ಮತ್ತು ಡಿ! 1992ರಲ್ಲಿ ರೈಲು, ಬಸ್ಸು ಓಡಿಸೋಕೆ ಹೆಚ್ಚಿನ ತೆರಿಗೆ ಕೊಡಲ್ಲ ಅಂದಿದ್ದ ಇಲ್ಲಿನ ಜನವೇ 2000ದಲ್ಲಿ ಮತ ಹಾಕಿ ಅದಕ್ಕೆ ಒಪ್ಪಿದರು. ಪ್ರಚಾರ ಒಂದರಿಂದಲೇ ಹೀಗಾಯಿತು ಅಂತ ನಾನು ಹೇಳಲ್ಲ, ಆದರೆ ದುಡ್ಡು ಯಾಕೆ ಕೇಳುತ್ತಿದ್ದಾರೆ ಅನ್ನುವುದು ಅಷ್ಟರಲ್ಲಿ ಜನಕ್ಕೆ ಗೊತ್ತಾಗಿತ್ತು.

ಬೆಂಗಳೂರಿಗೆ ಬನ್ನಿ. 2017ರ ನವೆಂಬರ್‌ನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) 2031ರವರೆಗಿನ ಮಾಸ್ಟರ್ ಪ್ಲಾನ್ ಕರಡು, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ನಕ್ಷೆ, ಹೊರಗೆ ಬಂತು. 2031ಕ್ಕೆ ಜನಸಂಖ್ಯೆ ಎರಡು ಕೋಟಿ ದಾಟುತ್ತದೆ ಅನ್ನುವ ಅಂದಾಜು ಅದರಲ್ಲಿತ್ತು. ಎರಡು ಕೋಟಿ! ಮನೆಮನೆಯಲ್ಲೂ ಮಾತಾಗಬೇಕಾದ ವಿಷಯ ಅಲ್ವಾ? ನಮ್ಮ ಚಿಕ್ಕಪ್ಪನಿಗೆ ಇದು ತಲುಪಿದ್ದು ಬ್ರೋಕರ್ ಕೈಲಿದ್ದ ನಕ್ಷೆಯ ಜೆರಾಕ್ಸ್‌ನಿಂದ. ಕಪ್ಪುಬಿಳುಪು ಜೆರಾಕ್ಸ್, ಬಣ್ಣವೇ ಕಾಣಲ್ಲ. "ನಮ್ಮ ಸರ್ವೆ ನಂಬರ್ ಹಳದಿಗೆ ಬಂತೇನಪ್ಪಾ, ಗ್ರೀನ್ ಬೆಲ್ಟಲ್ಲೇ ಉಳೀತಾ?" ಅಂತ ನನಗೆ ಫೋನ್ ಮಾಡಿ ಕೇಳಿದರು. ನಕ್ಷೆಯಲ್ಲಿ ಹಳದಿ ಅಂದರೆ ಮನೆ ಕಟ್ಟುವ ಜಾಗ, ಗ್ರೀನ್ ಬೆಲ್ಟ್ ಅಂದರೆ ಹೊಲವಾಗಿಯೇ ಉಳಿಯಬೇಕಾದ ಜಾಗ. ಅವರ ತಪ್ಪೇನಿಲ್ಲ. ನೀರು ಎಲ್ಲಿಂದ ಬರುತ್ತೆ, ಕೆರೆ ಪಕ್ಕ ಎಷ್ಟು ಜಾಗ ಬಿಡಬೇಕು ಅಂತ ಅವರನ್ನು ಯಾರೂ ಕೇಳಿರಲೇ ಇಲ್ಲ. ಮುಂದೆ ಆ ಕರಡು ಬಿದ್ದೇ ಹೋಯಿತು, 2015ರವರೆಗೆ ಅಂತ ಮಾಡಿದ್ದ ಹಳೇ ಪ್ಲಾನಲ್ಲೇ ಊರು ನಡೆಯಿತು.

ಪ್ರಚಾರ ಮಾಡೋಕೆ ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಕಸದ ಗಾಡಿ ದಿನಾ ಬೆಳಿಗ್ಗೆ ಮೈಕಲ್ಲಿ ಹೇಳಿ ಹೇಳಿಯೇ ಹಸಿ ಕಸ, ಒಣ ಕಸ ಅನ್ನುವುದು ಮಕ್ಕಳ ಬಾಯಿಗೂ ಬಂತು. ಆಕಾಶವಾಣಿ ಇದೆ, ಚಂದನ ಇದೆ, ಬಿಎಂಟಿಸಿ ಬಸ್ಸಿನ ಹಿಂಭಾಗ ಇದೆ. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಅಂತೆಲ್ಲ ಆಗಿದೆ. ನಕ್ಷೆಗೆ ಬಣ್ಣ ಹಚ್ಚುವ ಮೊದಲೇ ಮೂರ್ನಾಲ್ಕು ದಾರಿಗಳನ್ನು ಸರಳ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಪ್ರತಿಯೊಂದಕ್ಕೂ ಎಷ್ಟು ಹೊಲ ಹೋಗುತ್ತೆ, ಎಷ್ಟು ನೀರು ಬೇಕು, ಆಫೀಸಿಗೆ ಹೋಗೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆದು ಪೇಪರ್ ಜೊತೆ ಹಂಚಲಿ. ನೆಲಮಂಗಲ, ಹೊಸಕೋಟೆ, ಆನೇಕಲ್, ದೇವನಹಳ್ಳಿ ಕಡೆಯ ಗ್ರಾಮಸಭೆಗಳಿಗೂ ಆ ಹಾಳೆ ಹೋಗಬೇಕು. ಮುಂದಿನ ಲೇಔಟ್‌ಗಳು ಏಳುವುದು ಅವರ ಹೊಲದಲ್ಲೇ.