ಗಿಂಬಲ್ ಆಮೇಲೆ, ಮೊದಲು ಪೈಪ್ ಅಂಗಡಿ

ವಿಡಿಯೋ ಮಾಡಲು ಶುರು ಮಾಡಿದ ಹುಡುಗರು ಮೊದಲು ಕೇಳುವುದು ಇದನ್ನೇ: "ಅಣ್ಣಾ, ಯಾವ ಗಿಂಬಲ್ ತಗೊಳ್ಳಲಿ?" ಗಿಂಬಲ್ ಅಂದರೆ ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ಮೋಟಾರಿನ ಹಿಡಿ. ಈಗಲೇ ಯಾವುದೂ ಬೇಡ ಅಂತೀನಿ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಒಂದು ಸ್ಟೆಬಿಲೈಸರ್, ಅಂದರೆ ಕ್ಯಾಮೆರಾ ಕುಲುಕದಂತೆ ಹಿಡಿಯುವ ಮೋಟಾರಿಲ್ಲದ ಸಾಧನ, ನೀವೇ ಮಾಡಿಕೊಳ್ಳಿ. ಜಿಪುಣ ಅಂತ ನಗ್ತಾರೆ. ದುಡ್ಡು ಉಳಿಯುವುದು ನಿಜ, ಆದರೆ ನನ್ನ ವಾದ ಬೇರೆ.

ಮೂರು ಮೋಟಾರಿನ ಗಿಂಬಲ್ ಕ್ಯಾಮೆರಾ ವಾಲದಂತೆ, ತಿರುಗದಂತೆ ನೋಡಿಕೊಳ್ಳುತ್ತದೆ. ಹೆಜ್ಜೆ ಇಟ್ಟಾಗ ಇಡೀ ಕ್ಯಾಮೆರಾನೇ ಮೇಲೆ ಕೆಳಗೆ ಕುಣಿಯುತ್ತಲ್ಲ, ಅದಕ್ಕೆ ಅದರ ಬಳಿ ಮದ್ದಿಲ್ಲ. ದುಬಾರಿ ಗಿಂಬಲ್ ಹಿಡಿದು ತೆಗೆದ ಮದುವೆ ವಿಡಿಯೋದಲ್ಲೂ ಮಂಟಪ ಕುಣಿಯುವುದು ಇದಕ್ಕೇ. ಕಾಲಿನಿಂದ ಬಂದ ರೋಗ, ಕಾಲೇ ವಾಸಿ ಮಾಡಬೇಕು.

ಅಮೆರಿಕದ ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಸ್ಟೆಡಿಕ್ಯಾಮ್ ಅನ್ನುವ ಸಿನಿಮಾ ಸ್ಟೆಬಿಲೈಸರ್ ಕಂಡುಹಿಡಿದಾಗ ಕ್ಯಾಮೆರಾವನ್ನು ಸ್ಥಿರವಾಗಿಡಲು ಮೋಟಾರು ಬಳಸಲಿಲ್ಲ. ದೂರ ದೂರ ಇಟ್ಟ ಭಾರ, ಸಲೀಸಾಗಿ ತಿರುಗುವ ಹಿಡಿ, ಸ್ಪ್ರಿಂಗ್ ಇರುವ ಒಂದು ತೋಳು. ಮುಂದೆ ಜಾನಿ ಚಂಗ್ ಲೀ ಅನ್ನುವ ವಿದ್ಯಾರ್ಥಿ ನಲ್ಲಿ ಪೈಪಿನಲ್ಲೇ 14 ಡಾಲರಿನ ಸ್ಟೆಬಿಲೈಸರ್ ಮಾಡಿ, ವಿಧಾನವನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಹಂಚಿದ. ನಾನು ಹೇಳ್ತಿರೋದು ಅದರ ನಮ್ಮೂರ ರೂಪ.

ಹತ್ತಿಂಚಿನ ಮೂರು ಪೈಪು, ಅವನ್ನು ಜೋಡಿಸಲು T ಆಕಾರದ ಒಂದು ಟೀ, ತುದಿ ಮುಚ್ಚಲು ಮೂರು ಎಂಡ್ ಕ್ಯಾಪ್. ಪೈಪ್ ಅಂಗಡಿಯಲ್ಲೇ ಕತ್ತರಿಸಿ ಥ್ರೆಡ್ ಹೊಡೆದು ಕೊಡ್ತಾರೆ. ಎರಡು ಕ್ಯಾಪಿಗೆ ವೆಲ್ಡಿಂಗ್ ಅಂಗಡಿಯಲ್ಲಿ ತೂತು ಹಾಕಿಸಿ. ಬೋಲ್ಟ್ ಹಾಕಿ ಮೇಲಿನದಕ್ಕೆ ಕ್ಯಾಮೆರಾ, ಕೆಳಗಿನದಕ್ಕೆ ಒಂದು ಕೆಜಿಯ ಜಿಮ್ ಪ್ಲೇಟ್. ಪ್ಲೇಟಿನ ತೂತು ದೊಡ್ಡದು, ಅಗಲವಾದ ವಾಷರ್ ಮರೀಬೇಡಿ. ಟೀಯಿಂದ ಪಕ್ಕಕ್ಕೆ ಬಂದ ಪೈಪೇ ಹಿಡಿ. ಸುಮಾರು 500 ರೂಪಾಯಿಯಲ್ಲಿ ಮುಗಿಯುವ ಕೆಲಸ.

ಬೋಲ್ಟ್ ವಿಷಯದಲ್ಲಿ ಮಾತ್ರ ಹುಷಾರು. ಕ್ಯಾಮೆರಾ ತಳದ ತೂತು ಕಾಲಿಂಚಿನದು, ಇಂಚಿಗೆ 20 ಥ್ರೆಡ್. ಅಂಗಡಿಯವರು "ಎರಡೂ ಒಂದೇ ಸಾರ್" ಅಂತ 6 ಎಂಎಂ ಬೋಲ್ಟ್ ಕೊಟ್ಟರೆ ತಗೋಬೇಡಿ. ಕಾಲಿಂಚು ಅಂದರೆ 6.35 ಎಂಎಂ. ಸಣ್ಣ ಬೋಲ್ಟ್ ಸಡಿಲವಾಗಿ ಕೂತು ಥ್ರೆಡ್ ತಿನ್ನುತ್ತದೆ. ಉದ್ದದ ಬೋಲ್ಟೂ ಬೇಡ. ಆ ತೂತಿನ ಆಳ ಬಹಳ ಕಮ್ಮಿ, ಬಿಗಿ ಮಾಡುತ್ತಾ ಹೋದರೆ ಕ್ಯಾಮೆರಾಕ್ಕೇ ಪೆಟ್ಟು.

ಇಷ್ಟು ಭಾರ ಯಾಕೆ ಅಂತ ಕೇಳ್ತೀರಿ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರ ಕೈಯಲ್ಲಿ ಉದ್ದನೆಯ ಬಿದಿರಿನ ಗಳು ಇರುತ್ತೆ ಅಲ್ವಾ, ಅದೇ ಲೆಕ್ಕ. ಭಾರ ನಡುವಿನಿಂದ ದೂರ ಹೋದಷ್ಟೂ ಅದನ್ನು ಥಟ್ಟನೆ ತಿರುಗಿಸುವುದು ಕಷ್ಟ. ದೂರ ಎರಡು ಪಟ್ಟಾದರೆ ಆ ಮೊಂಡುತನ ನಾಲ್ಕು ಪಟ್ಟು. ಕೈ ಸಣ್ಣಗೆ ನಡುಗಿದರೂ ಪೈಪು ಸುಮ್ನೆ ಇರುತ್ತೆ. ಹಾಗಾಗಿ ಹಗುರ ಅಂತ ಪಿವಿಸಿ ಪೈಪಿನಲ್ಲಿ ಮಾಡಿ ಭಾರ ಕಟ್ಟದೆ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಬರೀ ಮೊಬೈಲ್ ಇಟ್ಟರೂ ಅಷ್ಟೇ. ಅದು ತೀರಾ ಹಗುರ, ಹೋಲ್ಡರ್ ಕೆಳಗೆ ಕಬ್ಬಿಣದ ಪಟ್ಟಿ ಸೇರಿಸಬೇಕು.

ಬ್ರೌನ್ ಅವರ ಸ್ಪ್ರಿಂಗ್ ತೋಳು ಮಾಡುತ್ತಿದ್ದ ಕೆಲಸ ಇಲ್ಲಿ ನಮ್ಮ ಮೊಣಕೈ, ಮೊಣಕಾಲಿನದು. ಮಂಡಿ ಸ್ವಲ್ಪ ಬಗ್ಗಿರಲಿ. ಹೆಜ್ಜೆ ಚಿಕ್ಕದಿರಲಿ. ಹಿಮ್ಮಡಿ ಊರಿ ಪಾದವನ್ನು ಮೆಲ್ಲಗೆ ಮುಂದಕ್ಕೆ ಹೊರಳಿಸಿ. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈಯ ಎರಡು ಬೆರಳು ಮಾತ್ರ ನಿಂತ ಪೈಪಿನ ಮೇಲೆ. ಬಿಗಿಯಾಗಿ ಹಿಡಿದರೆ ನಿಮ್ಮ ನಡುಕವೆಲ್ಲ ಪೈಪಿಗೆ ಹೋಗುತ್ತೆ. ಮಣಿಕಟ್ಟು ನೋಯುತ್ತೆ, ಸುಳ್ಳು ಹೇಳಲ್ಲ. ಉದ್ದನೆಯ ಶಾಟ್ ಆಗಲ್ಲ.

"ಮೊಬೈಲಿನಲ್ಲೇ ಸ್ಟೆಬಿಲೈಸೇಷನ್ ಇದೆಯಲ್ಲ" ಅನ್ನುವವರಿಗೆ ಒಂದು ಮಾತು. ಸಾಫ್ಟ್‌ವೇರ್ ಚಿತ್ರದ ಅಂಚು ಕತ್ತರಿಸಿ ಆ ಸ್ಥಿರತೆ ತರುತ್ತದೆ. ಹಗಲಲ್ಲಿ ಚೆನ್ನ. ಸಂಜೆಯ ತೇರುಬೀದಿಯಲ್ಲಿ ಬೆಳಕು ಕಮ್ಮಿಯಾದಾಗ ಪ್ರತಿ ಫ್ರೇಮಿನಲ್ಲೇ ಮಸುಕು ಕೂತಿರುತ್ತೆ. ಕುಲುಕಾಟ ಹೋದರೂ ಆ ಮಸುಕು ಹೋಗಲ್ಲ. ಕ್ಯಾಮೆರಾ ಅಲುಗದಿದ್ದರೆ ತಾನೇ ಚಿತ್ರ ನಿಚ್ಚಳ?

ಹಾಗಂತ ಗಿಂಬಲ್ ವೈರಿ ನಾನಲ್ಲ. ಕಂಬಳದ ಗದ್ದೆ ಪಕ್ಕ ಓಡಬೇಕಾದ ದಿನ, ಮದುವೆಮನೆಯಲ್ಲಿ ದಿನವಿಡೀ ನಿಲ್ಲಬೇಕಾದ ದಿನ ಈ ಪೈಪು ನೆಚ್ಚಿಕೊಂಡರೆ ಕೈ ಬಿದ್ದುಹೋಗುತ್ತೆ. ಅಂಥ ದಿನ ಗಿಂಬಲ್ ಬಾಡಿಗೆಗೆ ತನ್ನಿ. ಅದನ್ನು ಹಿಡಿದಾಗಲೂ ಮಂಡಿ ಬಗ್ಗಿಸಿಯೇ ನಡೆಯಿರಿ.